ಬರೀ ಮುಖ ತೋರಿಸದ ಮನೆ

ಹೆಸರು: ಮೋದಿನಸಾಬ ತಂದೆ ಖಾಜಾಸಾಬ ವೇಷಗಾರ. ವಯಸ್ಸು: 52 ವರ್ಷ. ಉದ್ಯೋಗ: ಹಗಲುವೇಷ. ಸಾ: ರೋಣ, ತಾ: ರೋಣ, ಜಿ: ಗದಗ.

ಮೇಲ್ಕಂಡ ನಾನು ಇಂದು ದಿನಾಂಕ 13-05-2025ರಂದು ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಹಾಜರಾಗಿ, ಕೇಳಿದ್ದಕ್ಕೂ ಕೇಳದೆ ಇದ್ದದ್ದಕ್ಕೂ ಸೇರಿಸಿ ತಿಳಿಸಿಕೊಳ್ಳುವುದೇನೆಂದರೆ,

ನಮ್ಮ ಮನೆತನದವರು ಮೂರು ತಲೆಯಿಂದ ಹಗಲುವೇಷ ಹಾಕಿಕೊಂಡು ಊರೂರು ತಿರುಗುತ್ತ ಬಂದವರು. ನಾನು ವೇಷ ಹಾಕುತ್ತೇನೆ, ನನ್ನ ತಮ್ಮ ಖಾದರ ಹಾರ್ಮೋನಿಯಂ ಬಾರಿಸುತ್ತಾನೆ. ಒಂದು ಊರಿಗೆ ಹೋದರೆ ಐದು ದಿನ ಇರುತ್ತೇವೆ. ಮೊದಲ ನಾಲ್ಕು ದಿನ ದಿನಕ್ಕೊಂದು ವೇಷ. ಮುಖಕ್ಕೆ ಬಣ್ಣ ಹಚ್ಚಿದ ಗಳಿಗೆಯಿಂದ ತೊಳೆಯುವ ಗಳಿಗೆಯವರೆಗೆ ಸ್ವಂತ ಮಾತು ಆಡಬಾರದು, ಇದು ನಮ್ಮ ತಂದೆ ಹಾಕಿಕೊಟ್ಟ ಕಟ್ಟಳೆ. ಬಾಯಾರಿದರೆ ಹನುಮಂತನಾಗಿಯೇ ನೀರು ಕೇಳಬೇಕು. ನಮ್ಮ ತಂದೆ ಒಮ್ಮೆ ಅರ್ಧನಾರಿ ವೇಷದಲ್ಲಿದ್ದಾಗ ನಾಯಿ ಕಚ್ಚಿತು. ಕಚ್ಚಿದ್ದು ಎಡಗಾಲಿಗೆ, ಅಂದರೆ ಹೆಣ್ಣಿನ ಭಾಗಕ್ಕೆ. ಆತ ಹೆಣ್ಣಿನ ಧ್ವನಿಯಲ್ಲೇ ಚೀರಿದ, ಬಲಭಾಗದ ಮುಖ ಗಂಡಸಿನಂತೆ ಗಂಭೀರವಾಗಿಯೇ ಇತ್ತು. ಬರೆದುಕೊಳ್ಳುತ್ತಿರುವ ಸಾಹೇಬರು ಇದು ಬೇಡ ಎಂದರು. ನಾನು ಎಂಥ ಕಟ್ಟಳೆಯಲ್ಲಿ ಬೆಳೆದೆ ಎಂಬುದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ, ಆದ್ದರಿಂದ ಬರೆದುಕೊಳ್ಳಬೇಕೆಂದು ವಿನಂತಿಸಿದ್ದೇನೆ.

ಐದನೆಯ ದಿನ ವೇಷ ಇರುವುದಿಲ್ಲ. ಅದಕ್ಕೆ ನಾವು ಬರೀ ಮುಖದ ದಿನ ಎನ್ನುತ್ತೇವೆ. ಅಂದು ತೊಳೆದ ಮುಖದಲ್ಲಿ, ಸ್ವಂತ ಧ್ವನಿಯಲ್ಲಿ, ವೇಷ ಹಾಕಿ ಹೋದ ಪ್ರತಿಯೊಂದು ಮನೆಗೂ ಹೋಗಿ, ನಾಲ್ಕು ದಿನ ಬಂದವನು ನಾನೇ, ತಪ್ಪು ಮಾತಾಡಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ ಎಂದು ಕೈ ಮುಗಿಯಬೇಕು. ಮನೆಯವರು ಮೊರದಲ್ಲಿ ಜೋಳ ಹಾಕುತ್ತಾರೆ. ಒಂದು ಮನೆಯನ್ನೂ ಬಿಡುವಂತಿಲ್ಲ. ಬಿಟ್ಟರೆ ಅದು ವೇಷವಲ್ಲ, ಮೋಸ ಎಂದು ನಮ್ಮ ತಂದೆ ಹೇಳುತ್ತಿದ್ದ.

ಈ ತಿಂಗಳು ದಿನಾಂಕ 05ರ ಸೋಮವಾರದಿಂದ ನಾವು ಲಕ್ಕಲಕಟ್ಟಿಯಲ್ಲಿ ಬಿಡಾರ ಮಾಡಿದ್ದೆವು. ಸೋಮವಾರ ಹನುಮಂತ, ಮಂಗಳವಾರ ಶೂರ್ಪನಖಿ, ಬುಧವಾರ ಜಮಾದಾರ. ಜಮಾದಾರನೆಂದರೆ ಹಳೆಯ ಕಾಲದ ಪೊಲೀಸಿನವನ ನಗೆವೇಷ. ಖಾಕಿ ಅಂಗಿ, ಮೊಣಕಾಲಿನ ತನಕ ಖಾಕಿ ಚಡ್ಡಿ, ಕಿವಿಯವರೆಗೂ ಹೋಗುವ ಮೀಸೆ. ಕಣ್ಣಿದ್ದವರು ಯಾರೂ ಇದನ್ನು ನಂಬುವುದಿಲ್ಲ, ನಂಬಲಿ ಎಂದು ಹಾಕುವುದೂ ಅಲ್ಲ. ಹಾರ್ಮೋನಿಯಂ ಇಲ್ಲದೆ ಒಬ್ಬನೇ ಮನೆಮನೆಗೆ ನುಗ್ಗಿ ಹೆಸರೇನು, ವಯಸ್ಸೆಷ್ಟು, ಉದ್ಯೋಗವೇನು ಎಂದು ಗದರಿಸಿ, ಅವರು ಹೇಳಿದ್ದನ್ನು ಲಾಠಿಯಿಂದ ಅಂಗೈ ಮೇಲೆ ಬರೆದುಕೊಳ್ಳುತ್ತೇನೆ. ಹೊರಡುವಾಗ ತಪ್ಪದೆ ಒಂದು ಮಾತು ಆಡುತ್ತೇನೆ. ಯಾರ ಮುಂದೂ ಬಾಯಿ ಬಿಡಬ್ಯಾಡ, ಬಿಟ್ಟರ ಕೇಸ ಕೆಡ್ತೈತಿ ಎಂಬುದೇ ಆ ಮಾತು. ಎಲ್ಲ ಮನೆಗಳಲ್ಲೂ ಇದಕ್ಕೆ ಬಿದ್ದು ಬಿದ್ದು ನಗುತ್ತಾರೆ.

ಬುಧವಾರ ಮುಂಜಾನೆ ಸುಮಾರು 11 ಗಂಟೆಗೆ ನಾನು ಊರ ಕೊನೆಯ ಓಣಿಯಲ್ಲಿರುವ ನೇಕಾರ ಚನ್ನಬಸವ ಎಂಬುವವರ ಮನೆಗೆ ಮೊದಲ ಸಲ ಹೋದೆನು. ಪಡಸಾಲೆಯಲ್ಲಿ ಮಗ್ಗ ಇತ್ತು, ನೇಯುವವರು ಇರಲಿಲ್ಲ. ಚನ್ನಬಸವರ ತಾಯಿ ಚೌಡವ್ವ, ಸುಮಾರು 75 ವರ್ಷ, ಬಾಗಿಲ ಹತ್ತಿರ ಕುಳಿತು ರಾಟಿಯ ಮೇಲೆ ನೂಲು ಸುತ್ತುತ್ತಿದ್ದಳು. ನಾನು ಎಂದಿನಂತೆ ಲಾಠಿಯನ್ನು ಹೊಸ್ತಿಲಿಗೆ ಬಡಿದು ಯಾರದಾರ ಮನ್ಯಾಗ ಎಂದು ಗುಡುಗಿದೆನು. ಅಜ್ಜಿ ರಾಟಿ ನಿಲ್ಲಿಸಿದಳು, ಗೋಡೆ ಹಿಡಿದು ಎದ್ದು ನಿಂತಳು, ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ನನ್ನ ಮುಖ ಬಿಟ್ಟು ಸ್ವಲ್ಪ ಆಚೆ ನೋಡುತ್ತ, ಬರ್ರಿ ಸಾಹೇಬ್ರ, ದೇವ್ರ ಕಳಿಸಿದಂಗ ಬಂದ್ರಿ ಎಂದಳು. ಆಗ ನೋಡಿದೆನು, ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಖಾಕಿ ಬಣ್ಣ ಮಸುಕಾಗಿ ಕಂಡಿರಬಹುದು. ಉಳಿದದ್ದು ಧ್ವನಿ.

ಅಲ್ಲಿಯೇ ನಾನು, ಅಜ್ಜಿ, ನಾನು ವೇಷದವನು ಎಂದು ಹೇಳಿಬಿಟ್ಟಿದ್ದರೆ ಇಂದು ಇಲ್ಲಿ ಕೂರುತ್ತಿರಲಿಲ್ಲ. ಹೇಳಲಿಲ್ಲ. ಕಟ್ಟಳೆ ಇತ್ತು ಎಂಬುದು ನಿಜ. ಆದರೆ ಅದೊಂದೇ ಅಲ್ಲ. ಮೂವತ್ತು ವರ್ಷದಲ್ಲಿ ನನ್ನ ಜಮಾದಾರನನ್ನು ನೋಡಿ ಎದ್ದು ನಿಂತವರು ಯಾರೂ ಇರಲಿಲ್ಲ. ನನಗೆ ಒಳಗೊಳಗೆ ಸಂತೋಷವಾಯಿತು. ಇದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ. ನಾನು ಮೀಸೆ ತಿರುವಿ, ಏನೈತಿ ಹೇಳ ಎಂದೆನು.

ಸದರಿ ಚೌಡವ್ವ ನನಗೆ ತಿಳಿಸಿದ್ದೇನೆಂದರೆ, ನನ್ನ ಮೊಮ್ಮಗಳು ಅನ್ನಪೂರ್ಣ ಇನ್ನಾ ಸಣ್ಣಾಕಿ ಅದಾಳ್ರಿ, ಹದಿನಾರ ತುಂಬಿಲ್ಲ, ಆಕಿ ಹುಟ್ಟಿದಾಗ ಹೊಕ್ಕಳ ಬಳ್ಳಿ ಕೊಯ್ದಾಕಿ ನಾನ ಅದೀನಿ. ಹತ್ತನೇತ್ತಾ ಪಾಸಾಗ್ಯಾಳ, ಮುಂದ ಓದತೀನಿ ಅಂತಾಳ. ಬರೋ ಸ್ವಾಮಾರ ಇದ ಮನಿ ಮುಂದ ಲಗ್ನ ಇಟ್ಟಾರ್ರಿ. ಹುಡುಗಿ ಒಲ್ಲೆ ಅಂತ ಅಳಾಕತ್ಯಾಳ. ನನ್ನ ಮಗ ನನ್ನ ಮಾತು ಕೇಳವಲ್ಲ, ನೀವ ಬಂದು ನಿಲ್ಲಸ್ರಿ ಎಂದು ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆ ಹುಡುಗಿ ಅನ್ನಪೂರ್ಣ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನ ಮೀಸೆಯನ್ನೂ ಚಡ್ಡಿಯನ್ನೂ ನೋಡಿದಳು.

ಅಜ್ಜಿ ಇಷ್ಟು ಹೇಳಿದ ಮೇಲೆ ಮೀಸೆ ಕಿತ್ತು ನಿಲ್ಲುವುದು ನನ್ನಿಂದ ಆಗಲಿಲ್ಲ. ಮನೆಯ ಗುಟ್ಟನ್ನು ಬೀದಿಯ ವೇಷದವನ ಮುಂದೆ ಹೇಳಿಬಿಟ್ಟೆ ಎಂದು ಆಕೆಗೆ ತಿಳಿದರೆ ಏನಾಗಬೇಡ ಎಂದು ಅಂಜಿದೆನು. ಬೇಗ ಅಲ್ಲಿಂದ ಹೊರಬಿದ್ದರೆ ಸಾಕು ಎನಿಸಿತು. ಗಾಬರಿಯಲ್ಲಿ ಸ್ವಂತ ಮಾತು ಬಾಯಿಗೆ ಬರುವುದಿಲ್ಲ, ರೂಢಿಯ ಮಾತು ಬರುತ್ತದೆ. ಅಳಬ್ಯಾಡ, ಲಗ್ನದ ದಿನಾ ನಾನ ಬಂದು ನಿಲ್ಲಸ್ತೀನಿ ಎಂದೆನು. ಲಾಠಿಯಿಂದ ಅಂಗೈ ಮೇಲೆ ಬರೆದೆನು. ಹೊರಡುವಾಗ ಆ ಇನ್ನೊಂದು ಮಾತೂ ಬಂತು. ಯಾರ ಮುಂದೂ ಬಾಯಿ ಬಿಡಬ್ಯಾಡ, ಬಿಟ್ಟರ ಕೇಸ ಕೆಡ್ತೈತಿ. ಆ ಮನೆಯಲ್ಲಿ ಯಾರೂ ನಗಲಿಲ್ಲ. ಅಜ್ಜಿ, ಜೀವ ಹೋದ್ರೂ ಬಿಡೂದಿಲ್ರಿ ಎಂದಳು.

ಗುರುವಾರ ನಾನು ಅರ್ಧನಾರಿ ವೇಷ ಹಾಕಿದೆನು, ಆ ಓಣಿಗೆ ಹೋಗಲಿಲ್ಲ. ದಿನಾಂಕ 09ರ ಶುಕ್ರವಾರ ಬರೀ ಮುಖದ ದಿನ. ಮುಖ ತೊಳೆದು, ಮೊರ ಹಿಡಿದು ಊರೆಲ್ಲ ತಿರುಗಿದೆನು. ಆ ಓಣಿಯ ಉಳಿದ ಮನೆಗಳನ್ನು ಮುಗಿಸಿ ತಿರುವಿಗೆ ಬಂದಾಗ ಚನ್ನಬಸವರ ಮನೆಯ ಬಾಗಿಲಲ್ಲಿ ಅನ್ನಪೂರ್ಣ ನಿಂತದ್ದು ಕಂಡಿತು. ರಾಟಿಯ ಸದ್ದೂ ಕೇಳುತ್ತಿತ್ತು. ಸುಮಾರು ನಲವತ್ತು ಮಾರು ದೂರ ಇರಬಹುದು. ನಾನು ಅಲ್ಲಿಂದಲೇ ಹೊರಳಿದೆನು. ತಮ್ಮ ಖಾದರ ಆ ಒಂದ ಮನಿ ಉಳೀತಲ್ಲಾ ಎಂದು ಕೇಳಿದ್ದಕ್ಕೆ, ಅವ್ರ ಮನ್ಯಾಗ ಯಾರೂ ಇಲ್ಲ ಎಂದು ಸುಳ್ಳು ಹೇಳಿದೆನು. ನನ್ನ ಆಯುಷ್ಯದಲ್ಲಿ ಬರೀ ಮುಖದಿಂದ ಹೋಗದೆ ಬಿಟ್ಟ ಮನೆ ಅದೊಂದೇ.

ಅಂದೇ ಸಂಜೆ ನಾವು ಬಿಡಾರ ಕಿತ್ತು ಶಿರೋಳಕ್ಕೆ ಹೋದೆವು. ಶನಿವಾರ ಹನುಮಂತನಾದೆನು. ಕಟ್ಟೆ ಹಾರುವಾಗ ಎರಡು ಸಲ ಮುಗ್ಗರಿಸಿದೆನು. ರವಿವಾರ ಬಣ್ಣ ಹಚ್ಚಿಕೊಳ್ಳಲು ಕೈ ಬರಲಿಲ್ಲ. ಖಾದರನ ಮುಂದೆ ಎಲ್ಲ ಹೇಳಿದೆನು. ಪೊಲೀಸರಿಗೆ ಹೇಳೋಣ ಎಂದೆನು. ಅವನು, ಪೊಲೀಸ್ ವೇಷಾ ಹಾಕಿ ಮಂದಿ ಕಡಿಂದ ಕಂಪ್ಲೇಂಟ್ ತಗೊಂಡೀನಿ ಅಂತ ಪೊಲೀಸರ ಮುಂದ ಹೇಳ್ತೀಯೇನ, ಮೊದಲ ನಿನ್ನ ಒಳಗ ಹಾಕ್ತಾರ ಎಂದನು. ಅವನ ಮೇಲೆ ತಪ್ಪು ಹೊರಿಸುತ್ತಿಲ್ಲ. ನಾನು ಆ ಮಾತನ್ನು ಕೇಳುವುದಕ್ಕೇ ಅವನ ಹತ್ತಿರ ಹೋಗಿದ್ದೆನು. ಕಿಸೆಯಲ್ಲಿ ಫೋನ್ ಇತ್ತು. ಮಾಡಲಿಲ್ಲ.

ದಿನಾಂಕ 12ರ ಸೋಮವಾರ ನಸುಕಿನಲ್ಲಿ ಎದ್ದವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಜಮಾದಾರನ ಗಂಟು ತೆಗೆದುಕೊಂಡು ಮೊದಲ ಬಸ್ಸಿಗೆ ಹೊರಟೆನು. ರೋಣದಲ್ಲಿ ಬಸ್ ಬದಲಿಸಿದೆನು. ಬರೀ ಮುಖದಿಂದ ಯಾಕೆ ಹೋಗಲಿಲ್ಲ ಎಂದು ಈ ಠಾಣೆಯ ಪಿ.ಎಸ್.ಐ. ಮೇಡಂ ನಿನ್ನೆ ಕೇಳಿದರು. ಬರೀ ಮುಖದಲ್ಲಿ ನನಗೆ ಧೈರ್ಯ ಇಲ್ಲ. ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತಾಡಬೇಕೆಂದರೆ ನನಗೆ ಯಾರದಾದರೂ ವೇಷ ಬೇಕು. ಬರುತ್ತೇನೆ ಎಂದು ಮಾತು ಕೊಟ್ಟವನೂ ಜಮಾದಾರನೇ ಆಗಿದ್ದನು. ಊರ ಹೊರಗಿನ ಬಾವಿಯ ಹತ್ತಿರ ಖಾಕಿ ತೊಟ್ಟು, ಮೀಸೆ ಅಂಟಿಸಿಕೊಂಡು ಸುಮಾರು 10-45ಕ್ಕೆ ಲಗ್ನದ ಚಪ್ಪರಕ್ಕೆ ಹೋದೆನು.

ನನ್ನನ್ನು ಕಂಡ ಕೂಡಲೇ ಚಪ್ಪರದಲ್ಲಿದ್ದ ಮಂದಿ ಹೋ ಎಂದು ನಕ್ಕರು. ಮೂರು ದಿನದ ಹಿಂದೆ ತೊಳೆದ ಮುಖದಲ್ಲಿ ಅವರದೇ ಮನೆಗಳಿಗೆ ಹೋಗಿ ಕೈ ಮುಗಿದಿದ್ದೆನಲ್ಲ, ಎಲ್ಲರಿಗೂ ನನ್ನ ಗುರುತು ಹತ್ತಿತ್ತು. ನಾನು ಲಾಠಿ ಎತ್ತಿ, ಹುಡುಗಿ ಸಣ್ಣಾಕಿ ಅದಾಳ, ಲಗ್ನ ನಿಲ್ಲಸ್ರಿ ಎಂದು ಕೂಗಿದೆನು. ಇನ್ನೂ ಜೋರಾಗಿ ನಕ್ಕರು. ಗಂಡಿನ ಕಡೆಯವರೊಬ್ಬರು, ಚಲೋ ಕಲಾವಿದನ್ನ ಕರೆಸೀರಿ ಬೀಗರ ಎಂದರು. ಹುಡುಗರು ಮೊಬೈಲ್ ಹಿಡಿದರು. ಮತ್ತೊಬ್ಬರು ಬೂಂದಿಯ ತಾಟು ತಂದು ನನ್ನ ಕೈಗಿಟ್ಟರು. ಅಷ್ಟರಲ್ಲಿ ಒಳಗಿನಿಂದ ಚೌಡವ್ವನ ಧ್ವನಿ ಕೇಳಿತು. ಬಂದ್ರೇನ್ರಿ ಸಾಹೇಬ್ರ, ನನಗ ಗೊತ್ತಿತ್ತು ಬರ್ತೀರಂತ ಎಂದಳು. ಅದಕ್ಕೂ ನಕ್ಕರು.

ಆಗ ನಾನು ಟೊಪ್ಪಿಗೆ ತೆಗೆದು, ಮೀಸೆ ಕಿತ್ತು, ಸ್ವಂತ ಧ್ವನಿಯಲ್ಲಿ, ಇದು ವೇಷಾ ಅಲ್ರಿ, ಖರೇನ ಹೇಳಾಕತ್ತೀನಿ ಎಂದೆನು. ನನ್ನ ಸ್ವಂತ ಧ್ವನಿ ಬಹಳ ಸಣ್ಣದು. ಬಾಜಾ ಬಾರಿಸುವವರು ಶುರು ಮಾಡಿದ್ದರು. ನಾನು ಬೂಂದಿಯ ತಾಟು ಹಿಡಿದು ನಿಂತಿದ್ದಂತೆಯೇ ಅಕ್ಷತೆ ಬಿತ್ತು, ತಾಳಿ ಕಟ್ಟಿದ್ದಾಯಿತು. ಅನ್ನಪೂರ್ಣ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆನು.

ಮನೆಯ ಹಿಂದೆ ಹೋಗಿ 112ಕ್ಕೆ ಫೋನ್ ಮಾಡಿದವನು ನಾನೇ. ಐದು ದಿನ ಅಂಜಿದ ಕೆಲಸಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಊಟದ ಪಂಕ್ತಿ ನಡೆದಿರುವಾಗ ಜೀಪು ಬಂತು. ಪಿ.ಎಸ್.ಐ. ಮೇಡಂ ಇಳಿದಾಗಲೂ ಕೆಲವರು ನಕ್ಕು, ಮೀಸಿ ಇಲ್ಲದ ಜಮಾದಾರ ಬಂದ ನೋಡ್ರಿ ಎಂದರು. ಹಿಂದೆ ಮತ್ತೆ ನಾಲ್ವರು ಇಳಿದ ಮೇಲೆ ಪಂಕ್ತಿಯಲ್ಲಿ ಕುಳಿತವರ ಕೈ ಎಲೆಯ ಮೇಲೆಯೇ ನಿಂತಿತು. ಅಂಗನವಾಡಿಯ ಮಾನವ್ವ ಎಂಬುವವರೂ ಬಂದರು. ಅವರು ಮೇಡಂ ಮುಂದೆ ಹೇಳಿದ್ದನ್ನು ನಾನು ಅಲ್ಲಿಯೇ ನಿಂತು ಕೇಳಿದ್ದೇನೆ. ಅವರಿಗೆ ಸಂಶಯ ಬಂದು ಶನಿವಾರವೇ ಈ ಮನೆಗೆ ಹೋಗಿ ಅಜ್ಜಿಯನ್ನು ಒಂದು ತಾಸು ಕೇಳಿದ್ದರಂತೆ. ಹುಡುಗಿಗೆ ಎಷ್ಟು ವಯಸ್ಸು, ಲಗ್ನ ಯಾರದು ಎಂದು. ಅಜ್ಜಿ, ನನಗೇನೂ ಗೊತ್ತಿಲ್ಲವಾ, ನನಗ ಕಣ್ಣ ಕಾಣೂದಿಲ್ಲ ಎಂದಷ್ಟೇ ಹೇಳಿ ರಾಟಿ ತಿರುವುತ್ತ ಕುಳಿತಳಂತೆ. ಅಜ್ಜಿ ಅಂದು ಬಾಯಿ ಬಿಟ್ಟಿದ್ದರೆ ಲಗ್ನ ಅಲ್ಲಿಗೇ ನಿಲ್ಲುತ್ತಿತ್ತು ಎಂದು ಮಾನವ್ವ ಅಂದರು. ಅಜ್ಜಿಯ ಬಾಯಿಗೆ ಬೀಗ ಹಾಕಿದವನು ಯಾರು ಎಂದು ಅವರಿಗೆ ಗೊತ್ತಿರಲಿಲ್ಲ.

ಹುಡುಗಿಯ ವಯಸ್ಸಿನ ಬಗ್ಗೆ ತಂದೆ ಚನ್ನಬಸವ ಒಂದು ಹೇಳಿದರು, ಬೀಗರು ಇನ್ನೊಂದು ಹೇಳಿದರು. ಮೇಡಂ ಅಜ್ಜಿಯ ಎದುರು ಕುಳಿತು ಮೆತ್ತಗೆ ಕೇಳಿದರು. ಅಜ್ಜಿ, ನಾ ಹೇಳೂದೆಲ್ಲಾ ಜಮಾದಾರ ಸಾಹೇಬ್ರ ಮುಂದ ಹೇಳೀನವಾ, ಮತ್ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದಾರ, ಕೇಸ ಕೆಡ್ತೈತಂತ ಎಂದಳು. ಮೇಡಂ ತಾನೂ ಪೊಲೀಸಿನವಳೇ ಎಂದರು. ಅಜ್ಜಿ, ಇರಬಹುದವಾ, ನಿನ್ನ ಧ್ವನಿ ನನಗ ಗುರುತಿಲ್ಲ ಎಂದಳು. ಚಪ್ಪರದಲ್ಲಿ ಮಂದಿ ನಕ್ಕದ್ದು ಆಕೆಗೆ ಅರ್ಥವಾಗಿರಲಿಲ್ಲ. ಪೊಲೀಸರ ಮಾತಿಗೂ ನಗ್ತಾರಲ್ಲ, ಎಂಥಾ ಮಂದೀವಾ ಎಂದು ಬೇಸರಪಟ್ಟುಕೊಂಡಳು.

ಆಗ ನಾನು ಮೇಡಂ ಮುಂದೆ ಹೋಗಿ ಆ ಜಮಾದಾರ ನಾನೇ ಎಂದು ಒಪ್ಪಿಕೊಂಡೆನು. ಅವರು ನನ್ನ ಚಡ್ಡಿಯನ್ನೂ ಕೈಯಲ್ಲಿದ್ದ ಮೀಸೆಯನ್ನೂ ನೋಡಿದರು. ಬೈದಿದ್ದರೆ ಸಹಿಸುತ್ತಿದ್ದೆನು. ಅಜ್ಜಿಗೆ ಈಗಲಾದರೂ ಬರೀ ಮುಖ ತೋರಿಸಿ ಬಿಡುತ್ತೇನೆ ಎಂದು ಹೇಳಿ, ಆಕೆಯ ಹತ್ತಿರ ಕುಳಿತು ಸ್ವಂತ ಧ್ವನಿಯಲ್ಲಿ ಅವ್ವಾ ಎಂದೆನು. ಆಕೆ, ನೀ ಯಾರಪಾ, ಅಡಗಿಯವನೇನ, ಎಲ್ಲಾರೂ ಉಂಡ್ರೇನ ಎಂದು ಕೇಳಿದಳು.

ಮುಂದಿನ ಮಾತು ಆಡುವಷ್ಟರಲ್ಲಿ ಅನ್ನಪೂರ್ಣ ಬಂದು ನನ್ನನ್ನು ಹೊರಗೆ ಕರೆದಳು. ಕೊರಳಲ್ಲಿ ಹಾರ ಹಾಗೆಯೇ ಇತ್ತು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಬೇಕು. ಅಜ್ಜೀಗೆ ಹೇಳಬ್ಯಾಡ್ರಿ. ದಿನಾ ನನ್ನ ಕೈ ಹಿಡಕೊಂಡು, ಅಂಜಬ್ಯಾಡ ಪೂರ್ಣಿ, ಜಮಾದಾರ ಬರ್ತಾನ ಅಂತ ಹೇಳ್ಕೋತ ಮಲಗ್ಯಾಳ. ಅವನೂ ಸುಳ್ಳ ಅಂತ ತಿಳಿದ್ರ ಆಕಿ ಇನ್ನ ಉಣ್ಣೂದಿಲ್ಲ. ನನಗ ಅವತ್ತ ಗೊತ್ತಿತ್ರಿ ನೀವು ವೇಷದವ್ರಂತ. ಆದ್ರೂ ಕೇಳಿಸ್ಕೊಂಡೀರಲ್ಲ, ಹೋಗಿ ಖರೇ ಪೊಲೀಸರಿಗೆ ಹೇಳ್ತೀರಂತ ತಿಳಕೊಂಡಿದ್ನಿ. ಶುಕ್ರವಾರ ಬರೀ ಮುಖದಾಗ ಬರ್ತೀರಿ, ಕೇಳೂಣು ಅಂತ ಬಾಗಲದಾಗ ನಿಂತಿದ್ನಿ. ಇಷ್ಟು ಹೇಳಿ ಅವಳು ಒಳಗೆ ಹೋದಳು.

ಮೇಡಂ ಅವರ ಒಪ್ಪಿಗೆ ಪಡೆದು ನಾನು ಮತ್ತೆ ಹೊಸ್ತಿಲಿಗೆ ಹೋದೆನು. ಮೀಸೆ ಇಲ್ಲದೆ, ಟೊಪ್ಪಿಗೆ ಇಲ್ಲದೆ, ಲಾಠಿಯನ್ನು ಹೊಸ್ತಿಲಿಗೆ ಬಡಿದು ಜಮಾದಾರನ ಧ್ವನಿಯಲ್ಲಿ, ಅಜ್ಜಿ, ಈಗ ಹೇಳಬಹುದು, ಇವ್ರು ನಮ್ಮ ಮ್ಯಾಲಿನ ಸಾಹೇಬ್ರು, ಕೇಸ ಕೆಡೂದಿಲ್ಲ ಎಂದೆನು. ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು, ಸೆರಗು ಎಳೆದುಕೊಂಡಳು. ಹುಡುಗಿ ಹುಟ್ಟಿದ ದಿನ, ಲಗ್ನ ಗೊತ್ತು ಮಾಡಿದವರು, ಹುಡುಗಿ ಅತ್ತದ್ದು, ಎಲ್ಲ ಹೇಳಿದಳು. ಸುತ್ತ ನಿಂತ ಮಂದಿಯಲ್ಲಿ ಈ ಸಲ ಯಾರೂ ನಗಲಿಲ್ಲ. ಹೇಳಿ ಮುಗಿಸಿ ನನ್ನ ಕಡೆ ಮುಖ ತಿರುಗಿಸಿ, ಭಾಳ ತಡಾ ಮಾಡಿದ್ರಿ ಸಾಹೇಬ್ರ ಎಂದಳು. ನಾನು ಅದೇ ಧ್ವನಿಯಲ್ಲಿ, ಹೌದು, ತಡಾ ಆತು ಎಂದೆನು. ಅನ್ನಪೂರ್ಣಳನ್ನು ಗದಗಿನ ಬಾಲಮಂದಿರಕ್ಕೆ ಕರೆದೊಯ್ಯುವಾಗ ಅಜ್ಜಿ ಮತ್ತೊಂದು ಮಾತು ಕೇಳಿದಳು. ಮತ್ತ ಬರ್ತೀರೇನ್ರಿ, ಹುಡುಗಿ ಸುದ್ದಿ ಹೇಳಾಕ ಎಂದಳು. ಬರುತ್ತೇನೆ ಎಂದೆನು. ಮತ್ತೆ ಮಾತು ಕೊಟ್ಟಂತಾಯಿತು.

ಖಾಕಿ ಅಂಗಿ, ಚಡ್ಡಿ, ಟೊಪ್ಪಿಗೆ, ಲಾಠಿ, ಮೀಸೆ ಇವುಗಳನ್ನು ಠಾಣೆಯವರು ಪಂಚರ ಸಮಕ್ಷಮ ಜಪ್ತಿ ಮಾಡಿಕೊಂಡಿದ್ದಾರೆ. ಅವು ನನಗೆ ತಿರುಗಿ ಬೇಡ. ನನ್ನ ಮೇಲೆ ಯಾವ ಕಲಂ ಹಾಕಿದರೂ ನನ್ನ ತಕರಾರಿಲ್ಲ. ಕೇಳಿಕೊಳ್ಳುವುದು ಒಂದೇ. ಅನ್ನಪೂರ್ಣಳ ಸುದ್ದಿಯನ್ನು ಆಗಾಗ ನನಗೆ ತಿಳಿಸಬೇಕು, ಮುಂದೆ ಕಾಲೇಜಿಗೆ ಹಚ್ಚಿದರೆ ಅದನ್ನೂ ತಿಳಿಸಬೇಕು. ನಾನು ಹೋಗಿ ಆ ಹೊಸ್ತಿಲಲ್ಲಿ ನಿಂತು ಜಮಾದಾರನ ಧ್ವನಿಯಲ್ಲಿ ಹೇಳಬೇಕಾಗಿದೆ. ಉಳಿದ ವೇಷಗಳನ್ನು ಸಂಜೆಗೆ ತೊಳೆಯುತ್ತೇನೆ. ಚೌಡವ್ವ ಬದುಕಿರುವವರೆಗೆ ಈ ಒಂದನ್ನು ತೊಳೆಯುವಂತಿಲ್ಲ, ಆ ಮನೆಗೆ ನನಗೆ ಬರೀ ಮುಖದ ದಿನ ಇಲ್ಲ.

ಹೆಸರು, ವಯಸ್ಸು, ಉದ್ಯೋಗ ಎಂದು ಇಂದು ಸಾಹೇಬರು ಕೇಳಿದಾಗ ಉದ್ಯೋಗ ಹಗಲುವೇಷ ಎಂದೇ ಬರೆಸಿದೆನು. ಇಲ್ಲಿ ಬರೆಸಿದ್ದೆಲ್ಲ ನಡೆದದ್ದು ನಡೆದ ಹಾಗೆ ಇದೆ. ಓದಿ ಹೇಳಿದ್ದನ್ನು ಕೇಳಿದ್ದೇನೆ. ತೊಳೆದ ಮುಖದಲ್ಲಿ ಕುಳಿತು, ನನ್ನ ಸ್ವಂತ ಧ್ವನಿಯಲ್ಲಿ ಹೇಳಿ ಬರೆಸಿದ್ದೇನೆ.

ಸ್ಥಳ: ಗಜೇಂದ್ರಗಡ
ದಿನಾಂಕ: 13-05-2025

(ಸಹಿ)
ಮೋದಿನಸಾಬ ಖಾಜಾಸಾಬ ವೇಷಗಾರ